ಮೇಜಿಗೆ ಬಾಡಿಗೆ ಕಟ್ಟಬೇಡಿ

ಸೇತುವೆಗೆ ಅಡ್ಡವಾಗಿ ರಾಕ್ಷಸ ನಿಂತಿದ್ದ. ಇವರು ಕತ್ತಿ ಹಿರಿಯುತ್ತಾರೆ, ಇಲ್ಲವೇ ಓಡುತ್ತಾರೆ ಎಂದು ಎರಡಕ್ಕೂ ನಾನು ತಯಾರಾಗಿದ್ದೆ. ಹೈದರಾಬಾದಿನಿಂದ ಆಡುತ್ತಿದ್ದ ಗೆಳತಿ ಸ್ವಲ್ಪ ಹೊತ್ತು ಸುಮ್ಮನಿದ್ದು ರಾಕ್ಷಸನನ್ನು ಕೇಳಿದಳು: "ಊಟ ಆಯ್ತಾ?"

ದೆಹಲಿಯ ಗೆಳೆಯ ಬಿದ್ದು ಬಿದ್ದು ನಕ್ಕ. ನನಗೆ ನಗಲು ಪುರುಸೊತ್ತಿರಲಿಲ್ಲ, ಉತ್ತರ ಕೊಡಬೇಕಾದ ರಾಕ್ಷಸ ನಾನೇ. ನೂರು ವರ್ಷದಿಂದ ಆ ಸೇತುವೆ ಕಾಯುತ್ತಿದ್ದವನನ್ನು ಯಾರೂ ಹಾಗೆ ಕೇಳಿರಲಾರರು ಎಂದು ಆಗ ಹೊಳೆಯಿತು. ಅವನು ಕೂತು ಅತ್ತ. ಆ ರಾತ್ರಿ ಯುದ್ಧ ನಡೆಯಲೇ ಇಲ್ಲ.

ಇದು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ. ಗೊತ್ತಿಲ್ಲದವರಿಗೆ ಎರಡು ಮಾತು: ನಾಲ್ಕೈದು ಜನ ಒಂದೊಂದು ಪಾತ್ರ ವಹಿಸುತ್ತಾರೆ, ಒಬ್ಬರು ನಿರೂಪಕರಾಗಿ ಉಳಿದ ಲೋಕವನ್ನೆಲ್ಲ ನಡೆಸುತ್ತಾರೆ. ಏನು ಮಾಡುತ್ತೀರಿ ಎಂದು ಬಾಯಲ್ಲಿ ಹೇಳುತ್ತೀರಿ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಉರುಳಿಸುತ್ತೀರಿ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ, 1974ರಲ್ಲಿ ಸಾವಿರ ಪ್ರತಿ ಅಚ್ಚಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನಿಂದ ಈ ಬಗೆಯ ಆಟ ಶುರುವಾಯಿತು. ತಾಳಮದ್ದಳೆ ಕೇಳಿದವರಿಗೆ ಹೆಚ್ಚು ವಿವರಿಸಬೇಕಿಲ್ಲ: ಪ್ರಸಂಗದ ಪದ್ಯ ಮೊದಲೇ ಇರುತ್ತದೆ, ಅರ್ಥ ಮಾತ್ರ ಕೂತಲ್ಲೇ ಹುಟ್ಟಬೇಕು. ಇಲ್ಲಿ ಕಥೆಯ ಕೊನೆಯೂ ಗೊತ್ತಿರುವುದಿಲ್ಲ, ಅಷ್ಟೇ ವ್ಯತ್ಯಾಸ.

ಈ ಆಟವನ್ನು ಪರದೆ ಕೊಂದಿತು ಎಂದು ಗೋಳಾಡುವವರಿದ್ದಾರೆ. ಅವರ ಜೊತೆ ನಾನಿಲ್ಲ. ನಾನು ಪುಣೆಯಲ್ಲಿದ್ದೇನೆ, ಇನ್ನೊಬ್ಬರು ಹೈದರಾಬಾದು, ಮತ್ತೊಬ್ಬರು ದೆಹಲಿ, ಚೆನ್ನೈನಲ್ಲಿ ಒಬ್ಬ ಅಪ್ಪ ಮತ್ತು ಅವರ 14 ವರ್ಷದ ಮಗ. ವಿಡಿಯೊ ಕರೆ ಇಲ್ಲದಿದ್ದರೆ ನಮಗೆ ಮೇಜೇ ಇಲ್ಲ. ಚೆನ್ನೈನಲ್ಲೇ ಹುಟ್ಟಿ ಬೆಳೆದ ಆ ಹುಡುಗ ಕನ್ನಡ ಓದಲಾರ. ಮನೆಯಲ್ಲಿ ಅವನ ಕನ್ನಡ "ಹೂಂ", "ಬೇಡ", "ಆಮೇಲೆ" ಇಷ್ಟರಲ್ಲೇ ಮುಗಿಯುತ್ತದೆ ಎಂದು ಅಪ್ಪನ ಕೊರಗು. ಭಾನುವಾರ ರಾತ್ರಿ ಮೂರು ಗಂಟೆ ಅದೇ ಹುಡುಗ ಕನ್ನಡದಲ್ಲಿ ಜಗಳವಾಡುತ್ತಾನೆ, ಸುಳ್ಳು ಹೇಳುತ್ತಾನೆ, ಚೌಕಾಸಿ ಮಾಡುತ್ತಾನೆ.

ನನ್ನ ತಕರಾರು ಪರದೆಯ ಮೇಲಲ್ಲ, ಆ ಪರದೆಯನ್ನು ಮುಂದಿಟ್ಟುಕೊಂಡು ಮೇಜಿಗೆ ಬಾಡಿಗೆ ಕೇಳಲು ಬಂದವರ ಮೇಲೆ.

ಈ ಆಟದ ಒಡೆತನ ಈಗ ಹ್ಯಾಸ್‌ಬ್ರೋ ಕಂಪನಿಯ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೈಯಲ್ಲಿದೆ. 2022ರಲ್ಲಿ ಹ್ಯಾಸ್‌ಬ್ರೋ 'ಡಿ ಅಂಡ್ ಡಿ ಬಿಯಾಂಡ್' ಎಂಬ ಜಾಲತಾಣವನ್ನು ಸುಮಾರು 14.6 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅದೇ ಡಿಸೆಂಬರ್‌ನಲ್ಲಿ ವಿಝರ್ಡ್ಸ್‌ನ ಮುಖ್ಯಸ್ಥೆ ಹೂಡಿಕೆದಾರರ ಮುಂದೆ ಲೆಕ್ಕ ಬಿಚ್ಚಿಟ್ಟರು: ಆಟಕ್ಕೆ ಇರುವ ಹೆಸರಿಗೆ ತಕ್ಕಷ್ಟು ಹಣ ಹುಟ್ಟುತ್ತಿಲ್ಲ, ಹೆಚ್ಚು ಖರ್ಚು ಮಾಡುವವರು ನಿರೂಪಕರು, ಅವರು ಐವರಲ್ಲಿ ಒಬ್ಬರು ಮಾತ್ರ. ನಮ್ಮ ಮೇಜಿನಲ್ಲೂ ಹಾಗೇ. ಪುಸ್ತಕ ನನ್ನದು, ಆಡುವವರು ಐದು ಜನ. ನಮಗೆ ಅದು ಗೆಳೆತನ, ಅವರ ಲೆಕ್ಕದಲ್ಲಿ ಸೋರಿಕೆ.

ಮರು ತಿಂಗಳೇ ಇನ್ನೊಂದು ಹೆಜ್ಜೆ. 2000ದಲ್ಲಿ ಇದೇ ವಿಝರ್ಡ್ಸ್ ಒಂದು ಮುಕ್ತ ಪರವಾನಗಿ ಕೊಟ್ಟಿತ್ತು. ಆಟದ ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಪುಸ್ತಕ ಬರೆದು ಮಾರಬಹುದಿತ್ತು. ಅದನ್ನು ರದ್ದು ಮಾಡಿ, ದೊಡ್ಡ ಪ್ರಕಾಶಕರಿಂದ ರಾಯಧನ ವಸೂಲಿ ಮಾಡುವ ಕರಡು 2023ರ ಜನವರಿಯಲ್ಲಿ ಸೋರಿತು. ಆಟಗಾರರು ಬರೀ ಕೂಗಾಡಲಿಲ್ಲ, ತಾಣದ ಚಂದಾ ರದ್ದು ಮಾಡಿದರು. ತಿಂಗಳು ಮುಗಿಯುವ ಮೊದಲೇ ಕಂಪನಿ ಹಿಂದೆ ಸರಿದು, ಸುಮಾರು 400 ಪುಟಗಳ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಟ್ಟುಕೊಟ್ಟಿತು. ಅದನ್ನು ಇನ್ನು ವಾಪಸು ಪಡೆಯಲಾಗದು.

ಆದರೂ ಚಟ ಹೋಗಲಿಲ್ಲ. 2024ರ ಆಗಸ್ಟ್‌ನಲ್ಲಿ ಹೊಸ ಆವೃತ್ತಿ ಬರುವಾಗ, ಬಿಯಾಂಡ್ ತಾಣದ ಪಾತ್ರ ಪಟ್ಟಿಗಳಲ್ಲಿ ಹಳೆಯ ಮಂತ್ರಗಳ ಜಾಗಕ್ಕೆ ಹೊಸವನ್ನು ಹಾಕುತ್ತೇವೆ ಎಂದರು. ದುಡ್ಡು ಕೊಟ್ಟು ಕೊಂಡವರು ಹಳೆಯದು ಬೇಕಿದ್ದರೆ ಕೈಯಾರೆ ಬರೆದುಕೊಳ್ಳಬೇಕಿತ್ತು. ಮತ್ತೆ ಗಲಾಟೆ, ಮತ್ತೆ ಹಿಂದೆಗೆತ. ನನ್ನ ಕಪಾಟಿನ ಪುಸ್ತಕವನ್ನು ರಾತ್ರೋರಾತ್ರಿ ಯಾರೂ ತಿದ್ದಲಾರರು. ಖಾತೆಯಲ್ಲಿರುವ ಪುಸ್ತಕ ನಿಮ್ಮದಲ್ಲ, ಓದಲು ಸಿಕ್ಕ ಅಪ್ಪಣೆ ಮಾತ್ರ.

ಕಾಸಿಗಿಂತ ದೊಡ್ಡ ನಷ್ಟ ಬೇರೆ ಇದೆ. ಸಾಫ್ಟ್‌ವೇರ್‌ಗೆ ಗುಂಡಿಗಳು ಬೇಕು: ಹೊಡೆ, ಓಡು, ಒಲಿಸು. "ಊಟ ಆಯ್ತಾ" ಎನ್ನುವುದಕ್ಕೆ ಗುಂಡಿ ಇಲ್ಲ. ಎಲ್ಲವನ್ನೂ ಮೂರು ಆಯಾಮದಲ್ಲಿ ಬಣ್ಣ ಬಣ್ಣವಾಗಿ ತೋರಿಸುವ 'ಸಿಜಿಲ್' ಎಂಬ ಮೇಜನ್ನು ಇದೇ ಕಂಪನಿ 2025ರ ಆರಂಭದಲ್ಲಿ ಬಿಡುಗಡೆ ಮಾಡಿತು. ಕೆಲವೇ ವಾರಗಳಲ್ಲಿ ಅದನ್ನು ಕಟ್ಟಿದವರಲ್ಲಿ ಹೆಚ್ಚಿನವರು ಕೆಲಸ ಕಳೆದುಕೊಂಡರು. ಅಚ್ಚರಿಯೇನಿಲ್ಲ. ರಾಕ್ಷಸನ ಮುಖವನ್ನು ಐದೂ ಜನ ಬೇರೆ ಬೇರೆಯಾಗಿ ಕಂಡುಕೊಳ್ಳುವ ಆಟಕ್ಕೆ ಒಂದೇ ಮುಖ ಕೆತ್ತಿಕೊಟ್ಟರೆ ಯಾರಿಗೆ ಉಪಕಾರ?

ಇನ್ನು ನಿರೂಪಕರೇ ಬೇಡ, ಎಐ ಸಾಕು ಎನ್ನುವವರು. ನಾನೂ ಪ್ರಯತ್ನಿಸಿದೆ. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿತು. ಮೂರು ವಾರದ ಹಿಂದೆ ನಾನು ಕೊಟ್ಟ ಮಾತನ್ನು ನೆನಪಿಟ್ಟು ಮುನಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಎದುರಿಗಿರುವವರಿಗೆ ಬೇಜಾರಾಗುವ ಸಾಧ್ಯತೆಯೇ ಇಲ್ಲದಿದ್ದರೆ ಮಾತಿಗೆ ತೂಕ ಎಲ್ಲಿಂದ ಬರಬೇಕು?

"ಅನುಕೂಲ ಇದೆಯಲ್ಲ, ಲೆಕ್ಕ ಅದೇ ಮಾಡುತ್ತದೆ, ನಕ್ಷೆ ಅದೇ ಕೊಡುತ್ತದೆ" ಎನ್ನುತ್ತೀರಿ. ಇದೆ, ಬಳಸಿ. ನಾವೂ ಒಂದು ತಾಣದಲ್ಲಿ ಎಂಟು ತಿಂಗಳು ಆಡಿದೆವು. ಒಂದು ತಿಂಗಳು ಕಾರ್ಡಿನ ಪಾವತಿ ಹೋಗದೆ ಚಂದಾ ನಿಂತಿತು. ನಮ್ಮ ನಕ್ಷೆ, ಟಿಪ್ಪಣಿ, ಸತ್ತ ಪಾತ್ರಗಳ ಹೆಸರು ಎಲ್ಲಕ್ಕೂ ಬೀಗ ಬಿತ್ತು. ಆ ಭಾನುವಾರ ಆಟವನ್ನು ಉಳಿಸಿದ್ದು ಹುಡುಗನ 100 ಪುಟದ ನೋಟ್‌ಬುಕ್. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮಾಡಿ ಬರೆದಿಟ್ಟುಕೊಂಡಿದ್ದ.

ಆದ್ದರಿಂದ ಯಾವ ತಾಣಕ್ಕೆ ಸೇರುವ ಮೊದಲೂ ಒಂದು ಪ್ರಶ್ನೆ ಹಾಕಿಕೊಳ್ಳಿ: ನಾಳೆ ಈ ಕಂಪನಿ ಬಾಗಿಲು ಹಾಕಿದರೆ ಮುಂದಿನ ವಾರ ನಾವು ಆಡಬಲ್ಲೆವೆ? ಹೌದು ಎಂದಾದರೆ ಅದು ಉಪಕರಣ. ಇಲ್ಲ ಎಂದಾದರೆ ನೀವು ಬಾಡಿಗೆದಾರರು.

ಬಿಟ್ಟುಕೊಟ್ಟ ಆ 400 ಪುಟಗಳು ಇವತ್ತು ನಮ್ಮವೂ ಹೌದು. ಮೂಲವನ್ನು ಹೆಸರಿಸಿದರೆ ಸಾಕು, ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಡ. ಅಷ್ಟೂ ಪುಟ ಬೇಕಾಗಿಯೂ ಇಲ್ಲ. ಆಡಲು ಬೇಕಾದಷ್ಟನ್ನು ನಾನು 12 ಪುಟಕ್ಕೆ ಇಳಿಸಿದ್ದೇನೆ. ಹುಡುಗ ಓದಲೆಂದು ದೊಡ್ಡ ಅಕ್ಷರದಲ್ಲಿ. ಕಳೆದ ವಾರ ಮೊದಲ ಪುಟವನ್ನು ಅವನು ತಡವರಿಸುತ್ತಾ ಜೋರಾಗಿ ಓದಿದ. ಮುಗಿಸಿ ಕೇಳಿದ: "ಅಂಕಲ್, ಇದರಲ್ಲಿ ರಾಕ್ಷಸನ ಊಟದ್ದು ಎಲ್ಲಿದೆ?"

ಇಲ್ಲ ಕಣೋ, ಅದನ್ನು ನಾವೇ ಸೇರಿಸಬೇಕು ಎಂದೆ.