ಎಂ.ಎಸ್‌ಸಿ. ಆದ ಮೇಲೂ ಪರೀಕ್ಷೆಯೆ?

ಮಗನೋ ಮಗಳೋ ಭೌತವಿಜ್ಞಾನದಲ್ಲಿ ಎಂ.ಎಸ್‌ಸಿ. ಮುಗಿಸಿ, ಪ್ರವೇಶ ಪರೀಕ್ಷೆಯನ್ನೂ ಗೆದ್ದು, ಡಾಕ್ಟರೇಟ್ ಪದವಿಗೆಂದು ಸಂಶೋಧನಾಲಯವೊಂದನ್ನು ಸೇರಿದರೆ ಜಯನಗರದ ಮನೆಯಲ್ಲಿ ಅಂದು ಪಾಯಸವಾಗುವುದು ಸಹಜ. ಮೂರು ತಿಂಗಳು ಕಳೆಯುವಷ್ಟರಲ್ಲಿ ಅದೇ ಮನೆಯಲ್ಲಿ ಗೊಂದಲ ಪ್ರಾರಂಭವಾಗುತ್ತದೆ. ಸಂಶೋಧಕಿಯಾಗಬೇಕಾದ ಹುಡುಗಿ ಬೆಳಿಗ್ಗೆ ಪುಸ್ತಕ ಹಿಡಿದು ತರಗತಿಗೆ ಹೊರಡುತ್ತಾಳೆ. ರಾತ್ರಿ ಹನ್ನೆರಡರವರೆಗೆ ಲೆಕ್ಕ ಬಿಡಿಸುತ್ತಾಳೆ. ಸೆಮಿಸ್ಟರ್ ಕೊನೆಗೆ ಪರೀಕ್ಷೆಯಿದೆ ಎನ್ನುತ್ತಾಳೆ. "ಹದಿನೇಳು ವರ್ಷ ಓದಿದ್ದು ಸಾಲದೇನೆ? ಇನ್ನೂ ಪರೀಕ್ಷೆಯೆ?" ಎಂದು ತಾಯಿ ಕೇಳುತ್ತಾರೆ. ಬನಶಂಕರಿಯಿಂದ ಬಂದ ಸೋದರಮಾವನವರು, "ಎಲ್ಲೋ ಮಾರ್ಕ್ಸ್ ಕಡಮೆ ಬಂದಿರಬೇಕು, ಮತ್ತೆ ಕೂಡಿಸಿದ್ದಾರೆ" ಎಂದು ತೀರ್ಪು ಕೊಟ್ಟು, ಕಾಫಿ ಕುಡಿದು ಹೊರಟುಹೋಗುತ್ತಾರೆ. ಈ ಸೋದರಮಾವನವರಿಗೆ ಉತ್ತರ ಹೇಳುವುದು ಈ ವಾರದ ಕೆಲಸ.

ಮಾರ್ಕ್ಸ್ ಕಡಮೆ ಬಂದುದಲ್ಲ, ಇದು ನಿಯಮ. ನಮ್ಮ ವಿಶ್ವವಿದ್ಯಾನಿಲಯಗಳು ಬಹುಕಾಲ ಬ್ರಿಟಿಷ್ ಪದ್ಧತಿಯನ್ನು ಅನುಸರಿಸಿದುವು. ಎಂ.ಎಸ್‌ಸಿ. ಆದವನು ನೇರವಾಗಿ ಒಬ್ಬ ಗುರುವಿನ ಬಳಿ ಹೋಗಿ, ಅವರು ತೋರಿದ ಮೂಲೆಯಲ್ಲಿ ಕುಳಿತು, ನಾಲ್ಕಾರು ವರ್ಷಗಳಲ್ಲಿ ಮಹಾಪ್ರಬಂಧ ಬರೆದು ಒಪ್ಪಿಸುತ್ತಿದ್ದನು. ಅಮೆರಿಕದವರದು ಬೇರೆ ದಾರಿ. ಅಲ್ಲಿ ಮೊದಲ ಒಂದೆರಡು ವರ್ಷ ತರಗತಿ, ಆಮೇಲೆ ಅರ್ಹತಾ ಪರೀಕ್ಷೆ, ಅದರಲ್ಲಿ ನಿಂತವನಿಗೆ ಮಾತ್ರ ಸಂಶೋಧನೆ. ಭಾರತೀಯ ವಿಜ್ಞಾನ ಮಂದಿರದಂಥ ಕೆಲವು ಕಡೆ ತರಗತಿಯ ರೂಢಿ ಮೊದಲೇ ಇತ್ತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರ ನಿಯಮಾವಳಿಯಲ್ಲಿ ಅದನ್ನು ಎಲ್ಲ ವಿಶ್ವವಿದ್ಯಾನಿಲಯಗಳಿಗೂ ಕಡ್ಡಾಯ ಮಾಡಿತು. 2022ರ ನಿಯಮಾವಳಿಯಂತೆ ಈ 'ಕೋರ್ಸ್‌ವರ್ಕ್' ಕನಿಷ್ಠ 12 ಕ್ರೆಡಿಟ್‌ಗಳದಾಗಿರಬೇಕು; ಸಂಶೋಧನಾ ವಿಧಾನವೂ ಸಂಶೋಧನಾ ನೀತಿಯೂ ಅದರೊಳಗೆ ಬರಬೇಕು; ನೂರಕ್ಕೆ 55ರಷ್ಟಾದರೂ ಅಂಕ ಪಡೆಯದವನು ಮಹಾಪ್ರಬಂಧವನ್ನು ಒಪ್ಪಿಸುವಂತಿಲ್ಲ.

ನಿಯಮಗಳು ಇದ್ದಷ್ಟಕ್ಕೇ ವಿದ್ಯೆ ಬೆಳೆದೀತು ಎಂದು ನಾನು ನಂಬಿದವನಲ್ಲ. ಅಣ್ಣಾ ಮಣಿ ಅವರ ಕಥೆ ನಮ್ಮೂರಿನಲ್ಲೇ ನಡೆದುದು. ಮದರಾಸಿನಲ್ಲಿ ಬಿ.ಎಸ್‌ಸಿ. ಆನರ್ಸ್ ಮುಗಿಸಿದ ಈ ತರುಣಿ 1940ರಲ್ಲಿ ವಿಜ್ಞಾನ ಮಂದಿರಕ್ಕೆ ಬಂದು ಸಿ.ವಿ. ರಾಮನ್ ಅವರ ಪ್ರಯೋಗಶಾಲೆಯಲ್ಲಿ ವಜ್ರ ಮಾಣಿಕ್ಯಗಳ ವರ್ಣಪಟಲವನ್ನು ಅಭ್ಯಸಿಸಿದರು. ಒಂದೊಂದು ಛಾಯಾಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆ ಬೆಳಕು ಬೀಳಬೇಕು. ಎಷ್ಟೋ ರಾತ್ರಿ ಪ್ರಯೋಗಶಾಲೆಯಲ್ಲೇ ನಿದ್ದೆ. 1942ರಿಂದ 1945ರೊಳಗೆ ಒಬ್ಬರೇ ಐದು ಸಂಶೋಧನ ಲೇಖನಗಳನ್ನು ಪ್ರಕಟಿಸಿ, ಮಹಾಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ದೊರೆಯಲಿಲ್ಲ! ಆ ಪ್ರಬಂಧ ಇಂದಿಗೂ ರಾಮನ್ ಸಂಶೋಧನಾಲಯದ ಗ್ರಂಥಭಂಡಾರದಲ್ಲಿ ಉಳಿದಿದೆ. ಆಕೆ ಮುಂದೆ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕರ ಹುದ್ದೆಗೇರಿ 1976ರಲ್ಲಿ ನಿವೃತ್ತರಾದರು. ತರಬೇತಿ ಪೂರ್ಣವಾಗಿತ್ತು, ಕಾಗದ ಮಾತ್ರ ಇರಲಿಲ್ಲ. ಇಂದು ಇದರ ವಿಪರೀತವನ್ನೂ ಕಾಣುತ್ತೇವೆ: ಕಾಗದ ಪೂರ್ಣ, ತರಬೇತಿ ಸೊನ್ನೆ.

ಹಾಗಾದರೆ ಆ ತರಬೇತಿಯಾದರೂ ಏನು? ನಮ್ಮ ಬಿ.ಎಸ್‌ಸಿ. ಪ್ರಯೋಗಶಾಲೆಗಳ ಒಂದು ಹಳೆಯ ಚಾಳಿಯನ್ನು ನೆನೆದರೆ ಸಾಕು. ಲೋಲಕವನ್ನು ತೂಗಿಸಿ ಗುರುತ್ವದ ವೇಗೋತ್ಕರ್ಷವನ್ನು ಕಂಡುಹಿಡಿಯಬೇಕು. ಪುಸ್ತಕದಲ್ಲಿ 9.81 ಎಂದಿದೆ. ಉತ್ತರ 9.6 ಬಂದ ಹುಡುಗ ಅತ್ತಿತ್ತ ನೋಡಿ ಅಳತೆಗಳನ್ನು ಕೊಂಚ 'ಸರಿಪಡಿಸಿ' 9.81 ಎಂದು ಬರೆದು ಪೂರ್ತಿ ಅಂಕ ಪಡೆಯುತ್ತಾನೆ. ಈಗ ಲೆಕ್ಕ ನೋಡಿ. ಒಂದು ಮೀಟರ್ ಉದ್ದದ ಲೋಲಕ ಇಪ್ಪತ್ತು ಸಾರಿ ತೂಗಲು ಸುಮಾರು 40 ಸೆಕೆಂಡು ಬೇಕು. ಕೈಯಿಂದ ಗಡಿಯಾರದ ಗುಂಡಿ ಒತ್ತುವಾಗ 0.2 ಸೆಕೆಂಡು ಹಿಂದುಮುಂದಾಗುವುದು ಸ್ವಾಭಾವಿಕ. ಅಂದರೆ ಕಾಲದ ಅಳತೆಯಲ್ಲಿ ನೂರಕ್ಕೆ ಅರ್ಧದಷ್ಟು ಅನಿಶ್ಚಿತತೆ. ಸೂತ್ರದಲ್ಲಿ ಕಾಲದ ವರ್ಗವಿರುವುದರಿಂದ ಉತ್ತರದಲ್ಲಿ ಅದು ಇಮ್ಮಡಿಸಿ ನೂರಕ್ಕೆ ಒಂದಾಗುತ್ತದೆ. ಆದುದರಿಂದ ಆ ಸಲಕರಣೆಯಿಂದ ಹೇಳಬಹುದಾದ ಪ್ರಾಮಾಣಿಕ ಉತ್ತರ 9.8, ಅದೂ 0.1ರಷ್ಟು ಆಚೆ ಈಚೆ. ಎರಡನೆಯ ದಶಮಾಂಶಕ್ಕೆ ಅಲ್ಲಿ ಜಾಗವೇ ಇಲ್ಲ. ತಮಾಷೆಯೆಂದರೆ, ಭೂಮಧ್ಯರೇಖೆಗೆ ಹತ್ತಿರದಲ್ಲಿ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನಿಜವಾದ ಬೆಲೆ 9.78ರ ಸುಮಾರು! ಪುಸ್ತಕವನ್ನು ನಂಬಿ ಅಳತೆಯನ್ನು ತಿದ್ದಿದವನು ತಪ್ಪು ಉತ್ತರಕ್ಕೆ ಪೂರ್ತಿ ಅಂಕ ಪಡೆದ ಹಾಗಾಯಿತು.

ಸಂಶೋಧನೆಯಲ್ಲಿ ನೋಡಿಕೊಳ್ಳಲು ಪುಸ್ತಕದ ಕೊನೆಯ ಪುಟವಿಲ್ಲ. ಅಲ್ಲಿ ಬಂದ ಉತ್ತರವೇ ಮೊದಲನೆಯದು. ಅದು ಎಷ್ಟರ ಮಟ್ಟಿಗೆ ನಿಜ, ಎಲ್ಲಿ ಕೆಟ್ಟಿರಬಹುದು, ಇನ್ನೊಬ್ಬರು ಮಾಡಿದರೂ ಅದೇ ಬಂದೀತೆ ಎಂದು ತನ್ನನ್ನು ತಾನೇ ಪಾಟೀಸವಾಲು ಮಾಡಿಕೊಳ್ಳುವ ಅಭ್ಯಾಸ ಹದಿನೇಳು ವರ್ಷದ ಓದಿನಲ್ಲಿ ಬಂದಿರುವುದಿಲ್ಲ. ಕೋರ್ಸ್‌ವರ್ಕ್ ಒಳ್ಳೆಯದಾಗಿದ್ದರೆ ಅದನ್ನು ಕಲಿಸುವುದು ಅಲ್ಲಿಯೇ. ಸಿದ್ಧಾಂತದ ತರಗತಿಗಳೂ ಹಾಗೆಯೇ. 1962ರಲ್ಲಿ ಮೊದಲು ಹೊರಬಂದ ಜಾಕ್‌ಸನ್ನರ ವಿದ್ಯುತ್ ಗತಿವಿಜ್ಞಾನದ ಗ್ರಂಥವನ್ನು ಓದಿದ ಯಾರನ್ನಾದರೂ ಕೇಳಿ, ಒಂದು ಲೆಕ್ಕಕ್ಕೆ ಒಂದು ದಿನ ಹೋದುದುಂಟು ಎಂದು ನಿಟ್ಟುಸಿರು ಬಿಟ್ಟಾರು. ಆ ದಿನ ವ್ಯರ್ಥವಲ್ಲ. ದಾರಿ ಕಾಣದ ಲೆಕ್ಕದ ಮುಂದೆ ಎದೆಗುಂದದೆ ಕೂರುವ ಶಕ್ತಿ ಬೇರೆ ಹೇಗೆ ಬಂದೀತು?

ವಯಸ್ಸಾದ ಮೇಲೆ ವಿದ್ಯಾರ್ಥಿಯಾಗುವುದು ಅವಮಾನ ಎನ್ನುವವರು ಬಸವನಗುಡಿಯ ಎಚ್. ನರಸಿಂಹಯ್ಯನವರನ್ನು ಸ್ಮರಿಸಬೇಕು. ನ್ಯಾಷನಲ್ ಕಾಲೇಜಿನಲ್ಲಿ ಹತ್ತಾರು ವರ್ಷ ಭೌತವಿಜ್ಞಾನ ಬೋಧಿಸಿದ ಮೇಲೆ, ಮೂವತ್ತೈದು ದಾಟಿದ ವಯಸ್ಸಿನಲ್ಲಿ ಅವರು ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ವಿದ್ಯಾರ್ಥಿಯಾದರು. ಪರಮಾಣು ಬೀಜದ ಭೌತವಿಜ್ಞಾನದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದು ಮತ್ತೆ ಅದೇ ಕಾಲೇಜಿಗೆ ಮರಳಿದರು. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳನ್ನು ಕೇಳಿ ಭೌತವಿಜ್ಞಾನಕ್ಕೆ ಒಲಿದವರು ದಕ್ಷಿಣ ಬೆಂಗಳೂರಿನಲ್ಲಿ ಎಷ್ಟೋ ಮಂದಿ.

ಇನ್ನೊಂದು ಲಾಭವನ್ನು ಮನೆಯವರು ಗಮನಿಸುವುದಿಲ್ಲ. ಬಿ.ಟಿ.ಎಂ. ಬಡಾವಣೆಯ ನೆರೆಯ ಕೋರಮಂಗಲದಲ್ಲಿ ಭಾರತೀಯ ಖಭೌತವಿಜ್ಞಾನ ಸಂಸ್ಥೆಯಿದೆಯಷ್ಟೆ. ಈ ಸಂಸ್ಥೆ, ರಾಮನ್ ಸಂಶೋಧನಾಲಯ, ವಿಜ್ಞಾನ ಮಂದಿರ ಮೊದಲಾದವು ಸೇರಿ 1982ರಿಂದ ಖಗೋಳವಿಜ್ಞಾನಕ್ಕೆ ಒಂದು ಜಂಟಿ ಕಾರ್ಯಕ್ರಮ ನಡೆಸುತ್ತ ಬಂದಿವೆ. ಅದಕ್ಕೆ ಸೇರಿದವರು ಮೊದಲು ವಿಜ್ಞಾನ ಮಂದಿರದಲ್ಲಿ ತರಗತಿಗಳನ್ನು ಮುಗಿಸಿ, ಆನಂತರ ತಮಗೊಪ್ಪುವ ಮಾರ್ಗದರ್ಶಕರನ್ನು ಹುಡುಕಿಕೊಳ್ಳುತ್ತಾರೆ. ಐದು ವರ್ಷ ಜೊತೆಯಲ್ಲಿ ಏಗಬೇಕಾದ ಗುರುವನ್ನು ಒಂದು ವರ್ಷ ಸುತ್ತಾಡಿ ನೋಡಿ ಆರಿಸುವುದು, ಅರ್ಜಿ ಹಾಕಿದ ದಿನವೇ ಗಂಟು ಬೀಳುವುದಕ್ಕಿಂತ ಎಷ್ಟೋ ಮೇಲು. ವರಾನ್ವೇಷಣೆಯಲ್ಲಿ ಇಷ್ಟು ಎಚ್ಚರವಿರುವ ನಾವು ಗೈಡ್ ವಿಷಯದಲ್ಲಿ ಯಾಕೆ ಇಷ್ಟು ಉದಾಸೀನರೊ!

ಎಲ್ಲ ಕಡೆಯೂ ಹೀಗಿದೆಯೆಂದಲ್ಲ. ಕೆಲವು ಕಡೆ ಕೋರ್ಸ್‌ವರ್ಕ್ ಎಂದರೆ ಆರು ತಿಂಗಳು ಹಾಜರಿ, ಎಂ.ಎಸ್‌ಸಿ.ಯ ಹಳೆಯ ಟಿಪ್ಪಣಿ, ಕೊನೆಗೊಂದು ಠಸ್ಸೆ. ಆದುದರಿಂದ ಸೇರುವ ಮುನ್ನ ಅಲ್ಲಿಯ ಹಿರಿಯ ವಿದ್ಯಾರ್ಥಿಗಳನ್ನು ವಿಚಾರಿಸಬೇಕು. ಪಾಠ ಹೇಳುವವರು ಯಾರು? ವಾರವಾರ ಲೆಕ್ಕ ಕೊಟ್ಟು ತಿದ್ದುತ್ತಾರೆಯೆ? ಸೈದ್ಧಾಂತಿಕ ಸಂಶೋಧನೆಗೆ ಹೋಗುವವನಿಗೂ ಪ್ರಯೋಗಶಾಲೆ ಉಂಟೆ? ಕಂಪ್ಯೂಟರ್ ಲೆಕ್ಕಾಚಾರ ಕಲಿಸುವವರುಂಟೆ? ತೇರ್ಗಡೆಯಾಗದಿದ್ದರೆ ಮತ್ತೊಂದು ಅವಕಾಶವಿದೆಯೆ?

ಹಣದ ಮಾತೂ ಬೇಕಲ್ಲ. ಕೇಂದ್ರದ ಕಿರಿಯ ಸಂಶೋಧನ ವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಯಾಯಿತು, ಹಿರಿಯ ವೇತನ 42,000. ಇಂಜಿನಿಯರ್ ಭಾವಮೈದುನನ ಸಂಬಳದ ಪಕ್ಕದಲ್ಲಿ ಇದನ್ನಿಟ್ಟು ನೋಡುವುದು ಅನ್ಯಾಯ; ಆದರೆ ನೋಡುತ್ತಾರೆ. ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಆರು ವರ್ಷದ ಮಿತಿ. ಭೌತವಿಜ್ಞಾನದಲ್ಲಿ ಮೂರು ವರ್ಷಕ್ಕೆ ಮುಗಿಸುವವರು ಅಪರೂಪ. ಮದುವೆಯ ಮಾತು ಎತ್ತುವವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಲೇಸು.

ಇನ್ನು, ಖಗೋಳವಿಜ್ಞಾನಕ್ಕೆ ಸೇರಿದ ಮಗಳು ಹೊಸಕೋಟೆಗೆ ಹೋಗಿ ಬೆಳಗಾದ ಮೇಲೆ ಮನೆಗೆ ಬಂದರೆ ಗಾಬರಿಪಡಬೇಕಾದುದಿಲ್ಲ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುವುದು ಹೊಸಕೋಟೆಯ ಕೇಂದ್ರದಿಂದ. ರಾತ್ರಿಯಿಡೀ ಎಚ್ಚರವಿದ್ದು ನಕ್ಷತ್ರದ ಬೆಳಕನ್ನು ಅಳೆಯುವುದೂ ತರಬೇತಿಯ ಭಾಗವೇ. ಸೋದರಮಾವನವರು ಬಂದರೆ ಹುಡುಗಿ ಮಲಗಿದ್ದಾಳೆ, ಮಧ್ಯಾಹ್ನದ ಮೇಲೆ ಬನ್ನಿ ಎಂದು ಹೇಳಿ ಕಳುಹಿಸಿ.