ಒಂದೇ ತಂತಿ, ಬೇರೆ ಬೇರೆ ದಾರಿ: ಪಂಚಾಯಿತಿ ವೈಫೈಗೆ ಇದು ಬೇಕೇ ಬೇಕು

ಊರಿನ ಪಂಚಾಯಿತಿ ಕಚೇರಿಗೆ ಇಂಟರ್ನೆಟ್ ಬಂದರೆ ಖುಷಿಯೇ. ಆದರೆ ಕಚೇರಿಯ ಕಂಪ್ಯೂಟರ್, ಸಿಸಿ ಕ್ಯಾಮೆರಾ, ಬಂದುಹೋಗುವವರ ಮೊಬೈಲ್ ಎಲ್ಲವೂ ಒಂದೇ ಜಾಲದಲ್ಲಿದ್ದರೆ? ಯಾರದೋ ಮೊಬೈಲಿಗೆ ಹೊಕ್ಕ ವೈರಸ್, ನಮ್ಮ ಪಿಂಚಣಿ ಅರ್ಜಿ, ಆಧಾರ್ ಪ್ರತಿ ಇರುವ ಕಂಪ್ಯೂಟರಿನ ಬಾಗಿಲು ತಟ್ಟಬಹುದು. ಇವನ್ನು ಬೇರ್ಪಡಿಸಲೇಬೇಕು ಎನ್ನುವುದು ನಮ್ಮ ವಾದ.

ಹಾಗಂತ ಮೂರು ಕೇಬಲ್ ಎಳೆಯಬೇಕಿಲ್ಲ. ಅದಕ್ಕೇ ಇರುವುದು ವಿಎಲ್‌ಎಎನ್, ಅಂದರೆ ವರ್ಚುವಲ್ ಲ್ಯಾನ್. ಹತ್ತು ರೈತರ ಈರುಳ್ಳಿ ಒಂದೇ ಲಾರಿಯಲ್ಲಿ ಮಂಡಿಗೆ ಹೋಗುತ್ತದೆ. ಚೀಲದ ಮೇಲೆ ಅವರವರ ಗುರುತು ಇರುವುದರಿಂದ ಕಲಬೆರಕೆ ಆಗುವುದಿಲ್ಲ. ವಿಎಲ್‌ಎಎನ್ ಕೂಡ ಹೀಗೆಯೇ. ಡೇಟಾದ ಪ್ರತಿ ಕಟ್ಟಿಗೂ 4 ಬೈಟಿನ ಒಂದು ಗುರುತು ಅಂಟಿಸುತ್ತದೆ. 1998ರಲ್ಲಿ ಬಂದ 802.1ಕ್ಯೂ ಎಂಬ ನಿಯಮದ ಪ್ರಕಾರ ಒಂದೇ ತಂತಿಯಲ್ಲಿ 4094 ಬೇರೆ ಬೇರೆ ಜಾಲಗಳನ್ನು ನಡೆಸಬಹುದು.

ಅನೇಕ ವೈಫೈ ರೂಟರ್‌ಗಳ ಒಳಗೆ ಓಡುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಅದಕ್ಕೆ 2001ರಲ್ಲೇ ವಿಎಲ್‌ಎಎನ್ ಸೇರಿತು. ಆದರೆ ಒಂದು ತೊಡಕಿತ್ತು. ಕೆಲವು ನೆಟ್‌ವರ್ಕ್ ಕಾರ್ಡುಗಳು ಕೆಲಸ ಬೇಗ ಆಗಲೆಂದು ಗುರುತನ್ನು ತಾವೇ ಕಿತ್ತು, ಅದರ ಸಂಖ್ಯೆಯನ್ನು ಬೇರೆಯಾಗಿ ಒಪ್ಪಿಸುತ್ತಿದ್ದವು. ಇದನ್ನು ನಿಭಾಯಿಸುವ ರೀತಿ ಒಂದೊಂದು ಕಾರ್ಡಿನ ಡ್ರೈವರ್‌ನಲ್ಲಿ ಒಂದೊಂದು ಥರ. ಕೆಲವೊಮ್ಮೆ ಗುರುತೇ ಕಳೆದುಹೋಗುತ್ತಿತ್ತು. ಹಮಾಲಿ ಚೀಲದ ಚೀಟಿ ಕಿತ್ತೆಸೆದರೆ ಸರಕು ಯಾರದೆಂದು ಹೇಳುವವರು ಯಾರು?

2011ರ ಜನವರಿಯಲ್ಲಿ ಬಂದ 2.6.37 ಆವೃತ್ತಿಯಲ್ಲಿ ಈ ಕೆಲಸವನ್ನು ಡ್ರೈವರ್‌ಗಳಿಂದ ತೆಗೆದು ಲಿನಕ್ಸಿನ ನಡುಮನೆಗೇ ತಂದರು. ಲೆಕ್ಕ ಬರೆಯುವ ಜಾಗ ಒಂದೇ ಆಯಿತು. 2013ರ 3.9 ಆವೃತ್ತಿಯಲ್ಲಿ, ಯಾವ ಪೋರ್ಟಿಗೆ ಯಾವ ಗುರುತಿನ ಡೇಟಾ ಹೋಗಬೇಕು ಎಂದು ಸೋಸುವ ವ್ಯವಸ್ಥೆ ಲಿನಕ್ಸಿನ ಬ್ರಿಡ್ಜ್ ಭಾಗಕ್ಕೂ ಬಂತು. ದುಬಾರಿ ಸ್ವಿಚ್ ಮಾಡುತ್ತಿದ್ದ ಕೆಲಸವನ್ನು ಸಾಧಾರಣ ಪೆಟ್ಟಿಗೆಯೂ ಮಾಡಬಲ್ಲದು ಎಂಬಂತಾಯಿತು. ಈ ಕೋಡ್ ಯಾರು ಬೇಕಾದರೂ ಓದಬಹುದಾದದ್ದು, ಅದಕ್ಕೆ ಲೈಸೆನ್ಸ್ ಶುಲ್ಕವೂ ಇಲ್ಲ.

ಹಾಗಾಗಿ 'ಅದಕ್ಕೆಲ್ಲ ಲಕ್ಷಗಟ್ಟಲೆ ಬೇಕು' ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಕೊರತೆ ಇರುವುದು ಕೇಳಿ ಮಾಡಿಸುವವರದ್ದು. ಹೌದು, ಎಲ್ಲ ಅಗ್ಗದ ರೂಟರ್‌ಗಳ ಮೆನುವಿನಲ್ಲಿ ಈ ಸೌಲಭ್ಯ ಕಾಣುವುದಿಲ್ಲ. ಖರೀದಿಗೆ ಮೊದಲೇ ನೋಡಬೇಕು. ವಿಎಲ್‌ಎಎನ್ ಒಂದೇ ಸಾಲದು ಎಂಬುದೂ ನಿಜ. ಒಂದು ಜಾಲದಿಂದ ಇನ್ನೊಂದಕ್ಕೆ ದಾಟದಂತೆ ಫೈರ್‌ವಾಲ್ ನಿಯಮ ಹಾಕಬೇಕು, ಪಾಸ್‌ವರ್ಡ್ ಬದಲಿಸಬೇಕು. ರೂಟರಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡದಿದ್ದರೆ ಲಿನಕ್ಸಿನಲ್ಲಿ ಆದ ಯಾವ ಸುಧಾರಣೆಯೂ ನಮ್ಮೂರಿನ ಪೆಟ್ಟಿಗೆಗೆ ತಲುಪುವುದಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಸಾರ್ವಜನಿಕರ ವೈಫೈ ಮತ್ತು ಕಚೇರಿಯ ಕಂಪ್ಯೂಟರ್ ಬೇರೆ ಬೇರೆ ಜಾಲದಲ್ಲಿವೆಯೇ? ಕ್ಯಾಮೆರಾ ಯಾವುದರಲ್ಲಿದೆ? ರೂಟರ್ ಕೊನೆಯದಾಗಿ ಅಪ್‌ಡೇಟ್ ಆಗಿದ್ದು ಯಾವಾಗ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ನಿಮ್ಮೂರಲ್ಲಿ ಕಂಪ್ಯೂಟರ್ ಓದಿದ ಹುಡುಗ ಹುಡುಗಿಯರಿದ್ದರೆ ಅವರನ್ನೂ ಜೊತೆಗೆ ಕರೆದೊಯ್ಯಿರಿ.