ಬಾಯಿಲ್ಲದ ಆಟಗಾರನಿಗೆ ಬಿಡ್ಡು

ಉತ್ತರ ಅಮೆರಿಕದ ಐಸ್ ಹಾಕಿ ಅಭಿಮಾನಿಗಳು ಗಣಕಯಂತ್ರದ ಮೇಲೆ ಕಾಲ್ಪನಿಕ ಲೀಗುಗಳನ್ನು ನಡೆಸುತ್ತಾರೆ. ಒಬ್ಬೊಬ್ಬರು ಒಂದೊಂದು ತಂಡದ ವ್ಯವಸ್ಥಾಪಕರು. ಪಂದ್ಯವನ್ನು ತಂತ್ರಾಂಶವೇ ಆಡುತ್ತದೆ. ಹಣವೆಲ್ಲ ಕಾಗದದ ಮೇಲಿನದು. ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವವರು, ಒಪ್ಪಂದ ಮುಗಿದ ಆಟಗಾರರಿಗಾಗಿ ಅಲ್ಲಿ ನಡೆಯುವ ಬಿಡ್ಡಿಂಗನ್ನೊಮ್ಮೆ ಗಮನಿಸಬೇಕು. ಟೆಂಡರ್ ಪತ್ರಗಳ ನಡುವೆ ಬಾಳುವ ಉದ್ಯಮಿಗಳಿಗೆ ಅಲ್ಲಿನ ತಕರಾರುಗಳು ಅಪರಿಚಿತವೆನಿಸಲಾರವು.

ಈ ಲೀಗುಗಳ ಮಾದರಿ ನ್ಯಾಷನಲ್ ಹಾಕಿ ಲೀಗ್. ಮಾಲೀಕರ ಬೀಗಮುದ್ರೆಯಿಂದ 2004-05ರ ಋತುವನ್ನೇ ಕಳೆದುಕೊಂಡ ಬಳಿಕ ಅಲ್ಲಿ ತಂಡದ ಒಟ್ಟು ವೇತನಕ್ಕೆ ಮಿತಿ ಬಂದಿತು. ಮೊದಲ ವರ್ಷ ಅದು 3.9 ಕೋಟಿ ಡಾಲರ್. ಮುಕ್ತನಾದ ಆಟಗಾರ ಹಣದ ಜೊತೆಗೆ ಊರು, ತರಬೇತುದಾರ, ಕುಟುಂಬದ ಇಷ್ಟ ಎಲ್ಲವನ್ನೂ ತೂಗಿ ತಂಡವನ್ನು ಆರಿಸಿಕೊಳ್ಳುತ್ತಾನೆ. ಕಾಲ್ಪನಿಕ ಆಟಗಾರನಿಗೆ ಬಾಯಿಯಿಲ್ಲ. ಅವನ ಪರವಾಗಿ ನಿಯಮವೇ ಮಾತನಾಡಬೇಕು.

ಲೀಗಿನಿಂದ ಲೀಗಿಗೆ ಈ ನಿಯಮ ಬೇರೆ. ಒಟ್ಟು ಮೊತ್ತವೇ ಗೆಲುವನ್ನು ನಿರ್ಧರಿಸುವುದಾದರೆ ಅಗ್ಗದ ವೇತನಕ್ಕೆ ವರ್ಷಗಳನ್ನು ಉದ್ದ ಮಾಡಿದವನೇ ಗೆಲ್ಲುತ್ತಾನೆ. ವಾರ್ಷಿಕ ವೇತನ ಮಾತ್ರ ಎಣಿಕೆಗೆ ಬಂದರೆ ಎಲ್ಲರೂ ಒಂದೇ ವರ್ಷದ ಬಿಡ್ಡು ಹಾಕುತ್ತಾರೆ. ಆದ್ದರಿಂದ ಎರಡಕ್ಕೂ ತೂಕವಿತ್ತು ಅಂಕ ಕಟ್ಟುವ ಸೂತ್ರ ಬೇಕಾಗುತ್ತದೆ. ಬಹಿರಂಗ ಬಿಡ್ಡಿನಲ್ಲಿ ಗಡುವಿನ ಕೊನೆಯ ನಿಮಿಷದವರೆಗೆ ಎಲ್ಲರೂ ಮೌನ. ಮುಚ್ಚಿದ ಲಕೋಟೆಯಲ್ಲಿ ಬೇರೆಯೇ ಅಪಾಯ: ಬೆಲೆಯನ್ನು ಅತಿಯಾಗಿ ಅಂದಾಜಿಸಿದವನೇ ಗೆಲ್ಲುತ್ತಾನೆ. ಸಮುದ್ರತಳದ ತೈಲ ಗುತ್ತಿಗೆಗಳಲ್ಲಿ ಇದೇ ನಡೆಯುತ್ತಿದೆಯೆಂದು ಕೇಪನ್, ಕ್ಲ್ಯಾಪ್ ಮತ್ತು ಕ್ಯಾಂಪ್‌ಬೆಲ್ ಎಂಬ ಎಂಜಿನಿಯರುಗಳು 1971ರಲ್ಲಿಯೇ ತೋರಿಸಿದರು. ಗೆದ್ದವನು ಎರಡನೆಯ ಬಿಡ್ಡಿನ ಬೆಲೆ ತೆತ್ತರೆ ಸಾಕೆಂಬುದು 1961ರಲ್ಲಿ ವಿಲಿಯಂ ವಿಕ್ರಿ ವಿಶ್ಲೇಷಿಸಿದ ಪದ್ಧತಿ. ಆದರೆ ಬಿಡ್ಡಿನಲ್ಲಿ ವೇತನವೂ ವರ್ಷವೂ ಬೆರೆತಿರುವಾಗ ಆ ಎರಡನೆಯ ಬೆಲೆ ಯಾವುದು? ಜಗಳಕ್ಕೆ ಹೊಸ ಬಾಗಿಲು ತೆರೆದಂತೆಯೇ ಸರಿ.

ಇವೆಲ್ಲಕ್ಕಿಂತ ಅನಿವಾರ್ಯವಾದ ನಿಯಮವೊಂದಿದೆ. ಇನ್ನೂ ತೀರ್ಮಾನವಾಗದ ಬಿಡ್ಡುಗಳ ಮೊತ್ತವನ್ನೂ ವೇತನ ಮಿತಿಯೊಳಗೆ ಹಿಡಿಯಬೇಕು. ಇಲ್ಲವಾದರೆ ಒಬ್ಬನಿಗಾಗುವಷ್ಟು ಹಣವುಳ್ಳವನು ಐವರಿಗೆ ಬಿಡ್ಡು ಹಾಕಿ, ಬೆಲೆಯನ್ನು ಏರಿಸಿ, ಕೊನೆಗೆ ಕೈ ಎತ್ತುತ್ತಾನೆ. ನಮ್ಮ ಟೆಂಡರುಗಳಲ್ಲಿ ಇ.ಎಂ.ಡಿ. ಠೇವಣಿ ಮಾಡುವ ಕೆಲಸವನ್ನೇ ಈ ನಿಯಮ ಅಲ್ಲಿ ಮಾಡುತ್ತದೆ.

ವರ್ಷಗಳಿಗೂ ಮಿತಿ ಬೇಕು. 2010ರಲ್ಲಿ ನ್ಯೂಜೆರ್ಸಿ ಡೆವಿಲ್ಸ್ ತಂಡ ಇಲ್ಯಾ ಕೊವಲ್ಚುಕ್‌ಗೆ 17 ವರ್ಷಗಳಿಗೆ 10.2 ಕೋಟಿ ಡಾಲರುಗಳ ಒಪ್ಪಂದ ನೀಡಿತು. ಅದರಲ್ಲಿ 9.5 ಕೋಟಿ ಮೊದಲ ಹತ್ತು ವರ್ಷಗಳಿಗೇ. ಕೊನೆಯ ಐದು ವರ್ಷ ತಲಾ 5.5 ಲಕ್ಷ ಮಾತ್ರ. ಮಿತಿಯ ಲೆಕ್ಕಕ್ಕೆ ಬರುವುದು ಸರಾಸರಿಯಾದ್ದರಿಂದ ವರ್ಷಕ್ಕೆ 60 ಲಕ್ಷವೆಂದು ತೋರಿಸಿದರಾಯಿತು! ಪಂಚಾಯಿತಿದಾರರು ಅದನ್ನು ತಿರಸ್ಕರಿಸಿದರು; ಲೀಗು ತಂಡವನ್ನು ದಂಡಿಸಿತು. 2013ರ ಒಪ್ಪಂದದಲ್ಲಿ ಸ್ವಂತ ಆಟಗಾರನಿಗೆ 8, ಹೊರಗಿನವನಿಗೆ 7 ವರ್ಷಗಳ ಗರಿಷ್ಠ ಮಿತಿ ಬಂದಿತು.

ಕಾಲ್ಪನಿಕ ಲೀಗಿನಲ್ಲಿ ಈ ಮಿತಿ ಇನ್ನೂ ಬಿಗಿಯಾಗಿರಬೇಕು. ಅಲ್ಲಿ ವ್ಯವಸ್ಥಾಪಕ ಬೇಸರವಾದ ದಿನ ಎದ್ದು ಹೋಗಬಲ್ಲ. ಅವನು ಬರೆದುಕೊಟ್ಟ ದೀರ್ಘ ಒಪ್ಪಂದ ಮಾತ್ರ ತಂಡದ ಲೆಕ್ಕದಲ್ಲಿಯೇ ಉಳಿಯುತ್ತದೆ. ಹೊಸದಾಗಿ ಬಂದವನು ಅದನ್ನು ಹೊತ್ತುಕೊಂಡೇ ಆಟ ಆರಂಭಿಸಬೇಕಾಗುತ್ತದೆ.